ಪಕ್ಕದ ಸೀಟಿನಲ್ಲಿ ಕುಳಿತವನು

ಅಮೆರಿಕದ ಇಂಡಿಯಾನಾಪೊಲಿಸ್ ಊರಿನಲ್ಲಿ ನಡೆಯುವ ಕಾರು ರೇಸಿನ ಆರಂಭದ ವರ್ಷಗಳ ಛಾಯಾಚಿತ್ರಗಳನ್ನು ನೋಡುತ್ತಾ ಹೋದರೆ ಬಹಳಷ್ಟು ಚಿತ್ರಗಳಲ್ಲಿ ಕಾರಿನೊಳಗೆ ಇಬ್ಬರು ಕುಳಿತಿರುತ್ತಾರೆ. ಸ್ಟಿಯರಿಂಗ್ ಹಿಡಿದವನ ಹೆಸರು ಚಿತ್ರದ ಕೆಳಗೆ ಇದ್ದೇ ಇರುತ್ತದೆ. ಅವನ ಭುಜಕ್ಕೆ ಭುಜ ಒತ್ತಿಕೊಂಡು, ಮುಖಕ್ಕೆಲ್ಲ ಎಣ್ಣೆಯ ಮಸಿ ಮೆತ್ತಿಸಿಕೊಂಡು ಕುಳಿತ ಇನ್ನೊಬ್ಬನ ಹೆಸರು ಅನೇಕ ಸಲ ಸಿಗುವುದೇ ಇಲ್ಲ. ಅಮೆರಿಕದ ಓಪನ್ ವೀಲ್, ಅಂದರೆ ಚಕ್ರಗಳಿಗೆ ಹೊದಿಕೆಯಿಲ್ಲದ ಕಾರುಗಳ, ರೇಸಿಂಗಿನ ಇತಿಹಾಸವನ್ನು ಓದಲು ತೊಡಗಿದಾಗ ನಾನು ವೇಗದ ದಾಖಲೆಗಳನ್ನೂ ಗೆದ್ದವರ ಪಟ್ಟಿಯನ್ನೂ ಹುಡುಕುತ್ತಿದ್ದೆ. ಓದುತ್ತಾ ಓದುತ್ತಾ ನನ್ನ ಗಮನ ಪೂರ್ತಿಯಾಗಿ ಈ ಎರಡನೆಯ ಮನುಷ್ಯನ ಕಡೆಗೆ ಹೊರಳಿತು.

ಅವನನ್ನು ರೈಡಿಂಗ್ ಮೆಕ್ಯಾನಿಕ್ ಎಂದು ಕರೆಯುತ್ತಿದ್ದರು. ನಮ್ಮ ಲಾರಿಗಳಲ್ಲಿ ಡ್ರೈವರ್ ಪಕ್ಕ ಕೂತು ಹಿಂದೆ ಬರುವ ಗಾಡಿ ನೋಡುವ, ಟೈರು ತಟ್ಟಿ ಪರೀಕ್ಷಿಸುವ, ಗಾಡಿ ಕೆಟ್ಟರೆ ಮೊದಲು ಕೆಳಗಿಳಿಯುವ ಕ್ಲೀನರ್ ಇರುತ್ತಾನಲ್ಲ, ಕೆಲಸದ ಮಟ್ಟಿಗೆ ಅವನಿಗೂ ಇವನಿಗೂ ಹೆಚ್ಚು ಅಂತರವಿಲ್ಲ. ಆಗಿನ ಅನೇಕ ಕಾರುಗಳಲ್ಲಿ ಪೆಟ್ರೋಲು ತಾನಾಗಿಯೇ ಎಂಜಿನನ್ನು ತಲುಪುತ್ತಿರಲಿಲ್ಲ; ಟ್ಯಾಂಕಿನೊಳಗೆ ಗಾಳಿಯ ಒತ್ತಡ ಇಳಿಯದಂತೆ ಮೆಕ್ಯಾನಿಕ್ ಕೈಪಂಪನ್ನು ಒತ್ತುತ್ತಲೇ ಇರಬೇಕಿತ್ತು. ಎಣ್ಣೆಯ ಒತ್ತಡ ತೋರಿಸುವ ಮುಳ್ಳಿನ ಮೇಲೆ ಒಂದು ಕಣ್ಣು, ಸವೆಯುತ್ತಿರುವ ಹಿಂದಿನ ಟೈರಿನ ಮೇಲೆ ಇನ್ನೊಂದು ಕಣ್ಣು. ಎಂಜಿನಿನ ಆರ್ಭಟದಲ್ಲಿ ಮಾತು ಕೇಳಿಸುವ ಪ್ರಶ್ನೆಯೇ ಇರಲಿಲ್ಲವಾದ್ದರಿಂದ ಚಾಲಕನ ತೊಡೆಯನ್ನೋ ಭುಜವನ್ನೋ ತಟ್ಟಿ ಹೇಳಬೇಕು: ಹಿಂದೆ ಒಬ್ಬ ಹತ್ತಿರ ಬರುತ್ತಿದ್ದಾನೆ, ಟೈರಿನ ಬಟ್ಟೆಯ ಪದರ ಕಾಣಿಸುತ್ತಿದೆ. ಸೀಟ್ ಬೆಲ್ಟ್ ಇರಲಿಲ್ಲ. ಅಪಘಾತವಾದಾಗ ಕಾರಿನಿಂದ ಹೊರಗೆ ಎಸೆಯಲ್ಪಡುವುದೇ ಬದುಕುಳಿಯುವ ದಾರಿ ಎಂದು ಆ ಕಾಲದವರು ಗಟ್ಟಿಯಾಗಿ ನಂಬಿದ್ದರು. ತಲೆಯ ಮೇಲೆ ಬಟ್ಟೆಯ ಅಥವಾ ತೊಗಲಿನ ಟೋಪಿ. ಚಾಲಕನಿಗೆ ಹಿಡಿದುಕೊಳ್ಳಲು ಸ್ಟಿಯರಿಂಗ್ ಆದರೂ ಇತ್ತು, ತಿರುವಿನಲ್ಲಿ ಏನು ಮಾಡಬೇಕೆಂಬ ತೀರ್ಮಾನ ಅವನದಾಗಿತ್ತು. ಮೆಕ್ಯಾನಿಕ್ ಪಾಲಿಗೆ ಅಪಾಯ ಮಾತ್ರ ಅಷ್ಟೇ ಇತ್ತು, ತೀರ್ಮಾನ ಇರಲಿಲ್ಲ.

ಅಮೆರಿಕದ ಮೊದಲ ಮುಖ್ಯ ರೇಸು 1895ರ ನವೆಂಬರಿನಲ್ಲಿ ಷಿಕಾಗೋದ ಹಿಮ ಬಿದ್ದ ರಸ್ತೆಗಳಲ್ಲಿ ನಡೆದಾಗ ಇಂಥ ಮಾತುಗಳಿಗೆ ಅರ್ಥವೇ ಇರಲಿಲ್ಲ. ಗೆದ್ದ ಫ್ರಾಂಕ್ ಡ್ಯೂರಿಯಾ ಐವತ್ತನಾಲ್ಕು ಮೈಲಿ ಕ್ರಮಿಸಲು ಸುಮಾರು ಹತ್ತು ಗಂಟೆ ತೆಗೆದುಕೊಂಡಿದ್ದ. ಹತ್ತೇ ವರ್ಷದೊಳಗೆ ಚಿತ್ರ ಬದಲಾಯಿತು. ಕೋಟ್ಯಧೀಶ ವಿಲಿಯಂ ಕೆ. ವ್ಯಾಂಡರ್‌ಬಿಲ್ಟ್ ಕಿರಿಯ 1904ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನ ಸಾರ್ವಜನಿಕ ರಸ್ತೆಗಳಲ್ಲಿ ತನ್ನ ಹೆಸರಿನ ಕಪ್ಪಿಗಾಗಿ ರೇಸು ಏರ್ಪಡಿಸಿದ. ಆ ಮೊದಲ ರೇಸಿನಲ್ಲಿಯೇ ಜಾರ್ಜ್ ಅರೆಂಟ್ಸ್ ಓಡಿಸುತ್ತಿದ್ದ ಮರ್ಸಿಡಿಸ್ ಮಗುಚಿ ಅವನ ಮೆಕ್ಯಾನಿಕ್ ಕಾರ್ಲ್ ಮೆನ್ಸೆಲ್ ಸತ್ತ, ಅರೆಂಟ್ಸ್ ಬದುಕಿದ. 1906ರಲ್ಲಿ ರಸ್ತೆಗೆ ನುಗ್ಗಿದ ಜನರ ನಡುವೆ ಕಾರು ಹರಿದು ಪ್ರೇಕ್ಷಕನೊಬ್ಬ ಸತ್ತದ್ದರಿಂದ ವ್ಯಾಂಡರ್‌ಬಿಲ್ಟ್ ಸ್ವಂತ ಮೋಟಾರು ರಸ್ತೆಯನ್ನೇ ಕಟ್ಟಿಸಲು ಹೊರಟ. 1910ರ ರೇಸು ಲಾಂಗ್ ಐಲೆಂಡಿನ ಪಾಲಿಗೆ ಕೊನೆಯದಾಯಿತು. ಆ ದಿನ ಲೂಯಿ ಷೆವ್ರೊಲೆಯ ಮೆಕ್ಯಾನಿಕ್ ಚಾರ್ಲ್ಸ್ ಮಿಲ್ಲರ್, ಹೆರಾಲ್ಡ್ ಸ್ಟೋನನ ಮೆಕ್ಯಾನಿಕ್ ಮ್ಯಾಥ್ಯೂ ಬೇಕನ್ ಇಬ್ಬರೂ ಸತ್ತರು. ಲೂಯಿ ಷೆವ್ರೊಲೆಯ ಹೆಸರು ಷೆವ್ರೊಲೆ ಕಾರುಗಳಾಗಿ ಇಂದಿಗೂ ರಸ್ತೆಯ ಮೇಲೆ ಓಡಾಡುತ್ತಿದೆ.

ಆಗಿನ ರೇಸಿಂಗ್ ಕಾರೆಂದರೆ ಹೆಚ್ಚಿನ ಮಟ್ಟಿಗೆ ಮಡ್‌ಗಾರ್ಡ್, ಬಾಗಿಲು, ದೀಪ ಎಲ್ಲವನ್ನೂ ಕಳಚಿ ಹಗುರ ಮಾಡಿದ ಕಾರು. ನಾಲ್ಕೂ ಚಕ್ರಗಳು ಬಯಲಿಗೆ ಬಂದದ್ದು ಹೀಗೆ. ಬಯಲಾದ ಚಕ್ರದ ಅಪಾಯ ಬೇರೆಯದೇ ಬಗೆಯದು: ಮುಂದಿನ ಕಾರಿನ ಹಿಂಚಕ್ರಕ್ಕೆ ಹಿಂದಿನ ಕಾರಿನ ಮುಂಚಕ್ರ ತಾಗಿದರೆ, ಎರಡೂ ತಿರುಗುತ್ತಲೇ ಇರುವುದರಿಂದ, ಹಿಂದಿನ ಕಾರು ಮುಂದಿನದರ ಮೇಲೆ ಹತ್ತಿ ಗಾಳಿಗೆ ಏಳುತ್ತದೆ. ಇಂದಿಗೂ ಈ ಬಗೆಯ ರೇಸಿಂಗಿನಲ್ಲಿ ಚಾಲಕರು ಹೆದರುವುದು ಇದಕ್ಕೇ.

ಇಂಡಿಯಾನಾಪೊಲಿಸ್ ಮೋಟಾರ್ ಸ್ಪೀಡ್‌ವೇ 1909ರಲ್ಲಿ ಸಿದ್ಧವಾಯಿತು. ಕಟ್ಟಿದವರು ಕಾರ್ಲ್ ಫಿಷರ್ ಮತ್ತು ಅವನ ಮೂವರು ಪಾಲುದಾರರು. ಕಾರಿನ ದೀಪಗಳಿಗೆ ಅಸಿಟಿಲಿನ್ ಅನಿಲ ಮಾರಿ ದುಡ್ಡು ಮಾಡಿದ್ದ ಫಿಷರ್, ಅಮೆರಿಕದ ಕಾರು ತಯಾರಕರಿಗೆ ತಮ್ಮ ಗಾಡಿಗಳನ್ನು ಪರೀಕ್ಷಿಸಲು ಒಂದು ಜಾಗ ಬೇಕೆಂದು ವಾದಿಸುತ್ತಿದ್ದ. ಎರಡೂವರೆ ಮೈಲಿ ಸುತ್ತಳತೆಯ ಆ ಟ್ರ್ಯಾಕಿನ ನಾಲ್ಕು ತಿರುವುಗಳ ಓರೆ ಒಂಬತ್ತು ಡಿಗ್ರಿಗಿಂತ ಚೂರು ಹೆಚ್ಚು. ನೆಲಕ್ಕೆ ಜಲ್ಲಿ ಮತ್ತು ಟಾರು ಹಾಕಿ ಉರುಳೆ ಹೊಡೆದಿದ್ದರು. ಆಗಸ್ಟಿನಲ್ಲಿ ಕಾರುಗಳ ರೇಸು ಆರಂಭವಾಯಿತು ನೋಡಿ, ಟಾರು ಕಿತ್ತು ಬಂದು ಗುಂಡಿಗಳೆದ್ದವು, ಮುಂದಿನ ಚಕ್ರದಿಂದ ಸಿಡಿದ ಜಲ್ಲಿ ಹಿಂದಿನವರ ಕನ್ನಡಕ ಒಡೆಯತೊಡಗಿತು. ಆಗಸ್ಟ್ 19ರಂದು ವಿಲಿಯಂ ಬೋರ್ಕ್ ಮತ್ತು ಅವನ ಮೆಕ್ಯಾನಿಕ್ ಹ್ಯಾರಿ ಹಾಲ್ಕಂಬ್ ಸತ್ತರು. 21ರಂದು ಚಾರ್ಲಿ ಮರ್ಜ್‌ನ ಕಾರಿನ ಟೈರು ಸಿಡಿದು ಕಾರು ಬೇಲಿ ಹಾರಿ ಜನರ ಮೇಲೆ ಬಿತ್ತು. ಇಬ್ಬರು ಪ್ರೇಕ್ಷಕರು ಮತ್ತು ಮೆಕ್ಯಾನಿಕ್ ಕ್ಲಾಡ್ ಕೆಲಮ್ ಸತ್ತರು, ಮರ್ಜ್ ಉಳಿದ. ಮುನ್ನೂರು ಮೈಲಿಯ ಆ ರೇಸನ್ನು 235 ಮೈಲಿಗೆ ನಿಲ್ಲಿಸಬೇಕಾಯಿತು.

ರೇಸುಗಳಿಗೆ ಅನುಮತಿ ಕೊಡುತ್ತಿದ್ದ ಅಮೆರಿಕನ್ ಆಟೊಮೊಬೈಲ್ ಅಸೋಸಿಯೇಶನ್ ಮುಖ ತಿರುಗಿಸುವ ಸೂಚನೆ ಕೊಟ್ಟ ಮೇಲೆ ಫಿಷರ್ ಇಟ್ಟಿಗೆ ಹಾಸಲು ನಿರ್ಧರಿಸಿದ. 63 ದಿನಗಳಲ್ಲಿ 32 ಲಕ್ಷ ಇಟ್ಟಿಗೆಗಳನ್ನು ಆಳುಗಳು ಕೈಯಿಂದಲೇ ಮರಳಿನ ಹಾಸಿನ ಮೇಲೆ ಜೋಡಿಸಿದರು. ಒಂದೊಂದು ಇಟ್ಟಿಗೆಯ ತೂಕ ನಾಲ್ಕು ಕಿಲೋಗ್ರಾಮಿಗಿಂತ ಹೆಚ್ಚು. ಪ್ರೇಕ್ಷಕರ ರಕ್ಷಣೆಗೆಂದು ತಿರುವುಗಳ ಹೊರ ಅಂಚಿನಲ್ಲಿ ಕಾಂಕ್ರೀಟ್ ಗೋಡೆ ಬಂತು. ಟ್ರ್ಯಾಕು ಸುರಕ್ಷಿತವಾಯಿತು ಎಂದರು. ಜನರ ಮಟ್ಟಿಗೆ ಅದು ದೊಡ್ಡ ಸುಧಾರಣೆಯೇ. ಕಾರಿನೊಳಗಿದ್ದವರಿಗೆ ಆದದ್ದು ಇಷ್ಟು: ಮೊದಲು ಬೇಲಿ ಇದ್ದಲ್ಲಿ ಈಗ ಗೋಡೆ, ಮೊದಲಿಗಿಂತ ಹೆಚ್ಚು ವೇಗ.

1911ರ ಮೇ 30ರಂದು ಐನೂರು ಮೈಲಿಯ, ಅಂದರೆ ಸುಮಾರು 805 ಕಿಲೋಮೀಟರಿನ ಮೊದಲ ರೇಸು ಅಲ್ಲಿ ನಡೆಯಿತು. ನಲವತ್ತು ಕಾರುಗಳು ಹೊರಟವು. ರೇ ಹ್ಯಾರೂನ್ ಎಂಬ ಎಂಜಿನಿಯರ್ ತನ್ನ ಹಳದಿ ಬಣ್ಣದ ಮಾರ್ಮನ್ ಕಾರನ್ನು ಒಬ್ಬನೇ ಕೂರುವಂತೆ ಕಟ್ಟಿಕೊಂಡು ಬಂದಿದ್ದ. ಮೆಕ್ಯಾನಿಕ್ ಇಲ್ಲದಿದ್ದರೆ ಹಿಂದೆ ಬರುವವರನ್ನು ನೋಡುವವರು ಯಾರು, ಇದು ಉಳಿದವರಿಗೆ ಅಪಾಯ ಎಂದು ಬೇರೆ ಚಾಲಕರು ತಕರಾರು ತೆಗೆದರು. ಹ್ಯಾರೂನ್ ತನ್ನ ಮುಂದೆ ಒಂದು ಕನ್ನಡಿ ಕಟ್ಟಿಕೊಂಡ. ಇಟ್ಟಿಗೆಯ ಮೇಲಿನ ಅದುರಾಟದಲ್ಲಿ ಆ ಕನ್ನಡಿಯಲ್ಲಿ ಏನೂ ಸರಿಯಾಗಿ ಕಾಣುತ್ತಿರಲಿಲ್ಲವೆಂದು ಆತನೇ ಮುಂದೆ ಹೇಳಿಕೊಂಡ. ಏನೇ ಇರಲಿ, 6 ಗಂಟೆ 42 ನಿಮಿಷದಲ್ಲಿ, ಗಂಟೆಗೆ ಸುಮಾರು 120 ಕಿಲೋಮೀಟರ್ ಸರಾಸರಿಯಲ್ಲಿ ಅವನೇ ಗೆದ್ದ. ನಡುವೆ ಸ್ವಲ್ಪ ಹೊತ್ತು ಸೈರಸ್ ಪ್ಯಾಚ್ಕೆ ಅವನ ಬದಲಿಗೆ ಓಡಿಸಿದ್ದ. ಆ ದಿನ ರೇಸಿನಲ್ಲಿ ಸತ್ತವನು ಒಬ್ಬನೇ, ಆರ್ಥರ್ ಗ್ರೈನರ್‌ನ ಕಾರಿನಲ್ಲಿದ್ದ ಸ್ಯಾಮ್ ಡಿಕ್ಸನ್. ಅವನು ಮೆಕ್ಯಾನಿಕ್.

ಇದರಿಂದ ಯಾರಾದರೂ ಏನು ಪಾಠ ಕಲಿಯಬೇಕಿತ್ತು? ಎರಡನೆಯ ಸೀಟಿಲ್ಲದ ಕಾರು ಗೆದ್ದಿತ್ತು, ಎರಡನೆಯ ಸೀಟಿನಲ್ಲಿದ್ದವನು ಸತ್ತಿದ್ದ. 1912ರಿಂದ ಇಂಡಿಯಾನಾಪೊಲಿಸ್‌ನಲ್ಲಿ ಪ್ರತಿ ಕಾರಿನಲ್ಲೂ ಮೆಕ್ಯಾನಿಕ್ ಇರಲೇಬೇಕು ಎಂದು ನಿಯಮ ಮಾಡಿದರು. ಹಿಂದೆ ನೋಡುವ ಕಣ್ಣು ಬೇಕೆಂಬ ವಾದದಲ್ಲಿ ಹುರುಳಿರಲಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಆ ಕಣ್ಣಿಗಾಗಿ ಇಡೀ ಒಬ್ಬ ಮನುಷ್ಯನನ್ನು ಕಾರಿನಲ್ಲಿ ಕೂರಿಸುವುದರ ಬೆಲೆ ಎಷ್ಟೆಂಬ ಲೆಕ್ಕವನ್ನು ನಿಯಮ ಬರೆದವರು ಹಾಕಿದಂತೆ ಕಾಣುವುದಿಲ್ಲ.

ಆ 1912ರ ರೇಸಿನಲ್ಲೇ ಮೆಕ್ಯಾನಿಕ್ ಒಬ್ಬ ಅಪರೂಪಕ್ಕೆ ಎಲ್ಲರ ಕಣ್ಣಿಗೆ ಬಿದ್ದ. ರಾಲ್ಫ್ ಡಿಪಾಲ್ಮ 200 ಸುತ್ತುಗಳ ಪೈಕಿ 196ರಲ್ಲಿ ಮುಂದಿದ್ದ. ಇನ್ನೇನು ಮುಗಿಯಿತು ಅನ್ನುವಾಗ ಅವನ ಮರ್ಸಿಡಿಸ್‌ನ ಎಂಜಿನಿನೊಳಗೆ ಕನೆಕ್ಟಿಂಗ್ ರಾಡ್ ಮುರಿಯಿತು. ಅವನೂ ಆಸ್ಟ್ರೇಲಿಯದಿಂದ ಬಂದಿದ್ದ ಅವನ ಮೆಕ್ಯಾನಿಕ್ ರೂಪರ್ಟ್ ಜೆಫ್ಕಿನ್ಸನೂ ಕೆಳಗಿಳಿದು, ಟನ್ನಿಗೂ ಮಿಕ್ಕಿದ ಆ ಕಾರನ್ನು ತಳ್ಳಿಕೊಂಡು ಬರತೊಡಗಿದರು. ಅಷ್ಟರಲ್ಲಿ ಜೋ ಡಾಸನ್ ದಾಟಿ ಹೋಗಿ ಗೆದ್ದ. ತಳ್ಳಿ ತಂದ ಸುತ್ತು ಲೆಕ್ಕಕ್ಕೆ ಬರಲಿಲ್ಲ. ಆದರೂ ಜನರು ಎದ್ದು ನಿಂತು ಕೂಗಿದ್ದು ಆ ಇಬ್ಬರಿಗಾಗಿ. ಅದೇ ರೇಸಿನಲ್ಲಿ ಹತ್ತನೆಯ ಬಹುಮಾನ ಬೇಕಾದರೆ ಪೂರ್ತಿ ಓಡಿಸಿ ಮುಗಿಸಲೇಬೇಕೆಂದು ರಾಲ್ಫ್ ಮಲ್ಫರ್ಡ್‌ಗೆ ತಾಕೀತು ಮಾಡಿದ್ದರಿಂದ, ಅವನು ನಡುವೆ ನಿಲ್ಲಿಸಿ ಕರಿದ ಕೋಳಿ ತಿಂದು, ಹೊರಟ ಸುಮಾರು ಒಂಬತ್ತು ಗಂಟೆಗಳ ನಂತರ ರೇಸು ಮುಗಿಸಿದ. ಈ ಇತಿಹಾಸದಲ್ಲಿ ನಗು ಬರುವ ಸಂಗತಿಗಳು ಬಹಳ ಕಡಿಮೆ ಇರುವುದರಿಂದ ಇದನ್ನು ಬಿಡಲು ಮನಸ್ಸಾಗಲಿಲ್ಲ.

ಕ್ಯಾಲಿಫೋರ್ನಿಯಾದ ಕೊರೋನಾ ಪಟ್ಟಣದ ನಡುವೆ ವೃತ್ತಾಕಾರದ ಒಂದು ಬೀದಿಯಿದೆ. ಅಲ್ಲಿ 1916ರ ಏಪ್ರಿಲ್ 8ರಂದು ನಡೆದ ರೇಸಿನಲ್ಲಿ ಬಾಬ್ ಬರ್ಮನ್‌ನ ಪ್ಯೂಜೊ ಹಿಡಿತ ತಪ್ಪಿ ಜನರತ್ತ ನುಗ್ಗಿತು. ಬರ್ಮನ್, ಅವನ ಮೆಕ್ಯಾನಿಕ್ ಎರಿಕ್ ಷ್ರೋಡರ್, ಕಾವಲಿಗಿದ್ದ ಒಬ್ಬಾತ ಸತ್ತರು. ಬರ್ಮನ್‌ನ ಗೆಳೆಯ ಬಾರ್ನಿ ಓಲ್ಡ್‌ಫೀಲ್ಡ್, ಬಾಯಲ್ಲಿ ಸದಾ ಸಿಗಾರ್ ಕಚ್ಚಿಕೊಂಡು ಊರೂರಿನ ಜಾತ್ರೆಗಳಲ್ಲಿ ಕಾರು ಓಡಿಸಿ ಹೆಸರಾಗಿದ್ದವನು, ಇದರಿಂದ ಕಂಗೆಟ್ಟು ಲಾಸ್ ಏಂಜಲೀಸಿನಲ್ಲಿ ರೇಸ್ ಕಾರು ಕಟ್ಟುತ್ತಿದ್ದ ಹ್ಯಾರಿ ಮಿಲ್ಲರ್ ಬಳಿ ಹೋಗಿ ಮೈಯನ್ನು ಪೂರ್ತಿ ಮುಚ್ಚುವ ಕಾರೊಂದನ್ನು ಮಾಡಿಸಿದ. 1917ರಲ್ಲಿ ಹೊರಬಂದ, ಮೊಟ್ಟೆಯಾಕಾರದ, ಹೊಂಬಣ್ಣದ ಆ ಕಾರಿಗೆ ಗೋಲ್ಡನ್ ಸಬ್‌ಮರೀನ್ ಎಂದು ಹೆಸರಾಯಿತು. ಚಾಲಕನ ಸುತ್ತ ಕವಚವಿರಬೇಕೆಂಬ ಯೋಚನೆ ಅಷ್ಟು ಹಿಂದೆಯೇ ಬಂದಿತ್ತೆಂಬುದು ನನಗೆ ಆಶ್ಚರ್ಯ ಹುಟ್ಟಿಸಿದ ಸಂಗತಿಗಳಲ್ಲಿ ಒಂದು. ಅದು ಉಳಿಯಲಿಲ್ಲ. ಅಪಘಾತವೊಂದರ ನಂತರ, ಒಳಗೆ ಸಿಕ್ಕಿಬಿದ್ದರೆ ಗತಿಯೇನೆಂಬ ಭಯದಿಂದ, ಕವಚದ ಮೇಲ್ಭಾಗವನ್ನು ಕತ್ತರಿಸಿ ತೆಗೆದರು.

ಅಷ್ಟು ಹೊತ್ತಿಗೆ ದೇಶದ ತುಂಬ ಮರದ ಹಲಗೆಯ ಟ್ರ್ಯಾಕುಗಳು ಎದ್ದಿದ್ದವು. ಸೈಕಲ್ ರೇಸಿನ ಟ್ರ್ಯಾಕುಗಳನ್ನು ಕಟ್ಟುತ್ತಿದ್ದ ಜ್ಯಾಕ್ ಪ್ರಿನ್ಸ್ ಅದೇ ಬಗೆಯನ್ನು ದೊಡ್ಡದು ಮಾಡಿ 1910ರಲ್ಲಿ ಲಾಸ್ ಏಂಜಲೀಸ್ ಬಳಿಯ ಪ್ಲಾಯಾ ಡೆಲ್ ರೇಯಲ್ಲಿ ಮೊದಲನೆಯದನ್ನು ಕಟ್ಟಿದ. ಎರಡಿಂಚು ದಪ್ಪ ನಾಲ್ಕಿಂಚು ಅಗಲದ ಮರದ ಪಟ್ಟಿಗಳನ್ನು ಅಂಚಿನ ಮೇಲೆ ನಿಲ್ಲಿಸಿ ಒತ್ತೊತ್ತಾಗಿ ಮೊಳೆ ಹೊಡೆಯುತ್ತಿದ್ದರು. ಬೇಗ ಕಟ್ಟಬಹುದು, ಖರ್ಚು ಕಡಿಮೆ, ತಿರುವುಗಳನ್ನು ಗೋಡೆಯಂತೆ ಎತ್ತಿ ನಿಲ್ಲಿಸಬಹುದು. ಬೆವರ್ಲಿ ಹಿಲ್ಸ್‌ನ ಟ್ರ್ಯಾಕಿನಲ್ಲಿ ಓರೆ 35 ಡಿಗ್ರಿಯಷ್ಟಿತ್ತು. ಕೆಲವೇ ವರ್ಷಗಳಲ್ಲಿ ಮಳೆ ಬಿಸಿಲಿಗೆ ಮರ ಕೊಳೆಯುತ್ತಿತ್ತು, ಸೀಳುತ್ತಿತ್ತು. ಸೀಳಿದ ಚೂರುಗಳು ಹಾರಿ ಚಾಲಕರ ಮುಖಕ್ಕೆ ನಾಟುತ್ತಿದ್ದವು. ಮೇಲೆ ಕಾರುಗಳು ಓಡುತ್ತಿರುವಾಗಲೇ ಬಡಗಿಗಳು ಟ್ರ್ಯಾಕಿನ ಅಡಿಯಲ್ಲಿ ನಿಂತು ತೂತುಗಳಿಗೆ ಹಲಗೆ ಬಡಿಯುತ್ತಿದ್ದರು.

1920ರ ನವೆಂಬರ್ 25ರಂದು ಆ ಬೆವರ್ಲಿ ಹಿಲ್ಸ್ ಟ್ರ್ಯಾಕಿನಲ್ಲಿ ಗ್ಯಾಸ್ಟನ್ ಷೆವ್ರೊಲೆ ಮತ್ತು ಎಡ್ಡಿ ಓಡೊನೆಲ್ ಅವರ ಕಾರುಗಳು ಡಿಕ್ಕಿಯಾದವು. ಲೂಯಿಯ ತಮ್ಮನಾದ ಗ್ಯಾಸ್ಟನ್ ಆರು ತಿಂಗಳ ಹಿಂದಷ್ಟೇ ಇಂಡಿಯಾನಾಪೊಲಿಸ್ ಗೆದ್ದಿದ್ದ. ಅವನೂ ಓಡೊನೆಲ್‌ನೂ ಓಡೊನೆಲ್‌ನ ಮೆಕ್ಯಾನಿಕ್ ಲಾಯಲ್ ಜೋಲ್ಸ್‌ನೂ ಸತ್ತರು. ನಾಲ್ಕು ವರ್ಷದಲ್ಲಿ ಆ ಟ್ರ್ಯಾಕನ್ನು ಕೆಡವಿದರು, ಅಪಘಾತಗಳಿಗಾಗಿ ಅಲ್ಲ, ನೆಲದ ಬೆಲೆ ಏರಿದ್ದಕ್ಕಾಗಿ. ಬೆವರ್ಲಿ ವಿಲ್‌ಷೈರ್ ಎಂಬ ಹೆಸರಾಂತ ಹೋಟೆಲು ಆ ಜಾಗದ ಒಂದು ಭಾಗದಲ್ಲಿ ನಿಂತಿದೆ. ಪೆನ್ಸಿಲ್ವೇನಿಯಾದ ಆಲ್ಟೂನಾ ಟ್ರ್ಯಾಕಿನ ಲೆಕ್ಕ ಇನ್ನೂ ಕೆಟ್ಟದು: ಇಂಡಿಯಾನಾಪೊಲಿಸ್ ಗೆದ್ದವರಲ್ಲೇ ಮೂವರು, 1923ರಲ್ಲಿ ಹೌಡಿ ವಿಲ್ಕಾಕ್ಸ್, 1924ರಲ್ಲಿ ಜೋ ಬೋಯರ್, 1929ರಲ್ಲಿ ರೇ ಕೀಚ್, ಅಲ್ಲಿ ಸತ್ತರು. ಕೀಚ್ ಇಂಡಿಯಾನಾಪೊಲಿಸ್ ಗೆದ್ದು ಆಗ ಹದಿನಾರು ದಿನವಷ್ಟೇ ಕಳೆದಿತ್ತು.

ಪಕ್ಕದ ಸೀಟಿನಿಂದ ಸ್ಟಿಯರಿಂಗ್ ಕಡೆಗೆ ಸರಿದವರೂ ಇದ್ದರು, ಅದೇ ಆ ಕೆಲಸದ ದೊಡ್ಡ ಆಸೆಯೂ ಆಗಿತ್ತು. ಸ್ಯಾನ್‌ಫ್ರಾನ್ಸಿಸ್ಕೋದ ಜಿಮ್ಮಿ ಮರ್ಫಿ ಡ್ಯೂಸೆನ್‌ಬರ್ಗ್ ಎಂಬ ಕಾರು ಕಂಪನಿಯ ತಂಡದಲ್ಲಿ ಮೆಕ್ಯಾನಿಕ್ ಆಗಿ ಕುಳಿತು ಕಲಿತವನು. ಬೆವರ್ಲಿ ಹಿಲ್ಸ್‌ನಲ್ಲಿ ಸತ್ತ ಓಡೊನೆಲ್ ಪಕ್ಕದಲ್ಲೂ ಅವನು ಕುಳಿತಿದ್ದ. 1921ರಲ್ಲಿ ಫ್ರಾನ್ಸಿನ ಲೆ ಮ್ಯಾನ್‌ನಲ್ಲಿ ನಡೆದ ಫ್ರೆಂಚ್ ಗ್ರ್ಯಾನ್ ಪ್ರಿಗೆ ಹೋದಾಗ ಅಭ್ಯಾಸದಲ್ಲಿ ಕಾರು ಮಗುಚಿ ಪಕ್ಕೆಲುಬಿಗೆ ಪೆಟ್ಟು ಬಿತ್ತು. ಎದೆಗೆ ಬಿಗಿಯಾಗಿ ಪಟ್ಟಿ ಸುತ್ತಿಸಿಕೊಂಡು ಬಂದು ಕೂತ. ಕಿತ್ತು ಬಂದ ಕಲ್ಲುಗಳು ರೇಡಿಯೇಟರನ್ನು ತೂತು ಮಾಡಿದ್ದವು. ಮೆಕ್ಯಾನಿಕ್ ಅರ್ನಿ ಓಲ್ಸನ್ ಪಕ್ಕದಲ್ಲಿದ್ದ. ಮರ್ಫಿ ಗೆದ್ದ. ಅಮೆರಿಕದ ಕಾರಿನಲ್ಲಿ ಅಮೆರಿಕದವನೊಬ್ಬ ಯುರೋಪಿನ ಗ್ರ್ಯಾನ್ ಪ್ರಿ ಗೆದ್ದದ್ದು ಅದೇ ಮೊದಲು. ಮರುವರ್ಷ ಅದೇ ಓಲ್ಸನ್ ಜೊತೆ ಇಂಡಿಯಾನಾಪೊಲಿಸ್ ಅನ್ನೂ ಗೆದ್ದ.

1923ರಲ್ಲಿ ಎಂಜಿನಿನ ಗಾತ್ರವನ್ನು ಎರಡು ಲೀಟರಿಗೆ ಇಳಿಸಿ, ಮೆಕ್ಯಾನಿಕ್ ಕಡ್ಡಾಯವೆಂಬ ನಿಯಮವನ್ನು ಕೈಬಿಟ್ಟರು. ಕಾರುಗಳು ಒಬ್ಬರು ಕೂರುವಷ್ಟೇ ತೆಳ್ಳಗಾದವು. ಹ್ಯಾರಿ ಮಿಲ್ಲರ್‌ನ ಕಾರ್ಖಾನೆಯಿಂದ ಹೊರಟ ಆ ಕಾರುಗಳು ನೋಡಲು ಎಷ್ಟು ಚೆಂದವೆಂದರೆ ಇವತ್ತಿಗೂ ಸಂಗ್ರಾಹಕರು ಅವುಗಳ ಬೆನ್ನು ಬಿಡುವುದಿಲ್ಲ. 1925ರಲ್ಲಿ ಡಿಪಾಲ್ಮನ ಸೋದರಳಿಯ, ಒಮ್ಮೆ ಮಾವನ ಪಕ್ಕದಲ್ಲೇ ಮೆಕ್ಯಾನಿಕ್ ಆಗಿ ಕೂತಿದ್ದ ಪೀಟರ್ ಡಿಪಾವೊಲೊ, ಡ್ಯೂಸೆನ್‌ಬರ್ಗ್ ಓಡಿಸಿ ಇಂಡಿಯಾನಾಪೊಲಿಸ್‌ನಲ್ಲಿ ಮೊದಲ ಬಾರಿಗೆ ಗಂಟೆಗೆ ನೂರು ಮೈಲಿಗೂ ಮಿಕ್ಕಿದ ಸರಾಸರಿಯಲ್ಲಿ ಗೆದ್ದ. 1927ರಲ್ಲಿ ಫ್ರಾಂಕ್ ಲಾಕ್‌ಹಾರ್ಟ್ ಹಲಗೆಯ ಟ್ರ್ಯಾಕೊಂದರಲ್ಲಿ ಮಿಲ್ಲರ್ ಕಾರನ್ನು ಗಂಟೆಗೆ 237 ಕಿಲೋಮೀಟರಿನಲ್ಲಿ ಸುತ್ತಿಸಿದ. ಮರುವರ್ಷ ಡೇಟೋನ ಕಡಲ ತೀರದಲ್ಲಿ ನೆಲವೇಗದ ದಾಖಲೆಗೆ ಹೊರಟು ಸತ್ತ. ಮರ್ಫಿ ಆಗಲೇ ಹೋಗಿದ್ದ. 1924ರ ಸೆಪ್ಟೆಂಬರ್ 15ರಂದು ಸಿರಾಕ್ಯೂಸ್‌ನಲ್ಲಿ, ಕುದುರೆ ಓಟಕ್ಕೆಂದು ಮಾಡಿದ್ದ ಮಣ್ಣಿನ ಟ್ರ್ಯಾಕಿನಲ್ಲಿ, ಅವನ ಕಾರು ಜಾರಿ ಒಳ ಅಂಚಿನ ಮರದ ಬೇಲಿಗೆ ಬಡಿಯಿತು. ಕುದುರೆಗಳಿಗಾಗಿ ಹಾಕಿದ್ದ ಬೇಲಿಯ ಅಡ್ಡಪಟ್ಟಿ ಮುರಿದು ಅವನ ಎದೆಗೆ ಹೊಕ್ಕಿತು. ಆ ವರ್ಷದ ರಾಷ್ಟ್ರೀಯ ಚಾಂಪಿಯನ್ ಪಟ್ಟ ಅವನು ಸತ್ತ ಮೇಲೆ ಅವನ ಹೆಸರಿಗೆ ಬಂತು. ಆ ಕಾರಿನಲ್ಲಿ ಅವನ ಪಕ್ಕ ಯಾರೂ ಇರಲಿಲ್ಲವಾದ್ದರಿಂದ ಸತ್ತವನು ಒಬ್ಬನೇ.

ನಾನು ಕೋಪಗೊಳ್ಳುವುದು ಮುಂದಿನ ತೀರ್ಮಾನದ ಬಗ್ಗೆ. 1927ರಲ್ಲಿ ಇಂಡಿಯಾನಾಪೊಲಿಸ್ ಟ್ರ್ಯಾಕನ್ನು ಕೊಂಡವನು ಎಡ್ಡಿ ರಿಕನ್‌ಬಾಕರ್. ಮೊದಲ ಮಹಾಯುದ್ಧದ ಪ್ರಸಿದ್ಧ ವಿಮಾನಯೋಧ, ಅದಕ್ಕೂ ಮುಂಚೆ ಸ್ವತಃ ರೇಸ್ ಚಾಲಕ. ಮಿಲ್ಲರ್‌ನ ತೆಳ್ಳಗಿನ ದುಬಾರಿ ಕಾರುಗಳಿಂದಾಗಿ ಸಾಮಾನ್ಯ ಕಾರು ಕಂಪನಿಗಳು ರೇಸಿನಿಂದ ದೂರವಾಗಿವೆ, ಅವರನ್ನು ಮರಳಿ ತರಬೇಕು ಎಂದು ಅವನು ಯೋಚಿಸಿದ. 1930ರಿಂದ ದೊಡ್ಡ ಎಂಜಿನುಗಳಿಗೆ ಅವಕಾಶ, ಎಂಜಿನಿನೊಳಕ್ಕೆ ಹೆಚ್ಚು ಗಾಳಿ ನುಗ್ಗಿಸುವ ಸೂಪರ್‌ಚಾರ್ಜರಿಗೆ ನಿಷೇಧ, ರಸ್ತೆಯ ಕಾರಿನಂತೆ ಕಾಣಲು ಎರಡು ಸೀಟು, ಎರಡನೆಯ ಸೀಟಿನಲ್ಲಿ ಕಡ್ಡಾಯವಾಗಿ ಒಬ್ಬ ಮೆಕ್ಯಾನಿಕ್. ಹಿಂದೆ ನೋಡಲು ಕನ್ನಡಿ ಇತ್ತು, ಪಂಪು ಒತ್ತುವ ಕೆಲಸವೂ ಹೆಚ್ಚು ಉಳಿದಿರಲಿಲ್ಲ. 1912ರ ನಿಯಮಕ್ಕೆ ಒಂದು ನೆಪವಾದರೂ ಇತ್ತು. ಈ ಸಲ ಮನುಷ್ಯನನ್ನು ಕೂರಿಸಿದ್ದು ಹೆಚ್ಚಾಗಿ ಕಾರಿನ ಆಕಾರ ಸರಿಯಾಗಿ ಕಾಣಲಿ ಎಂದು.

1930ರ ರೇಸಿನಲ್ಲಿ ಸೈ ಮಾರ್ಷಲ್‌ನ ಕಾರು ಗೋಡೆ ಹಾರಿ, ಅವನ ಪಕ್ಕದಲ್ಲಿದ್ದ ಸ್ವಂತ ಸಹೋದರ ಪಾಲ್ ಸತ್ತ. 1932ರಲ್ಲಿ ಮೆಕ್ಯಾನಿಕ್ ಹ್ಯಾರಿ ಕಾಕ್ಸ್ ಮತ್ತು ಚಾಲಕ ಮಿಲ್ಟನ್ ಜೋನ್ಸ್ ಸತ್ತರು. 1933ರಲ್ಲಿ ಅರ್ಹತಾ ಸುತ್ತು ಮತ್ತು ರೇಸು ಸೇರಿ ಐವರು. 1934ರಲ್ಲಿ ಪೀಟ್ ಕ್ರೈಸ್ ಮತ್ತು ಅವನ ಮೆಕ್ಯಾನಿಕ್ ಬಾಬ್ ಹಾನ್, ಇಬ್ಬರೂ ಒಂದೇ ಏಟಿಗೆ. 1935ರ ಅಭ್ಯಾಸದಲ್ಲಿ ಜಾನಿ ಹ್ಯಾನನ್ ಸತ್ತ ಕಾರನ್ನು ರಿಪೇರಿ ಮಾಡಿ ರೇಸಿಗೆ ಇಳಿಸಿದರು. ಕ್ಲೇ ವೆದರ್ಲಿ ಅದರಲ್ಲಿ ಕೂತ, ಮೇ 30ರಂದು ಅವನೂ ಅದರಲ್ಲೇ ಸತ್ತ. ಗಟ್ಟಿ ಹೆಲ್ಮೆಟ್ ಕಡ್ಡಾಯವಾದದ್ದು ಆ ವರ್ಷ. ಮೊದಲ ರೇಸು ನಡೆದು ಆಗ 24 ವರ್ಷಗಳಾಗಿದ್ದವು.

ಈ ದಶಕದ ಮೆಕ್ಯಾನಿಕ್‌ಗಳಲ್ಲಿ ಸ್ಪೈಡರ್ ಮ್ಯಾಟ್‌ಲಾಕ್ ಎಂಬವನ ಹೆಸರು ನನ್ನ ತಲೆಯಿಂದ ಹೋಗುವುದಿಲ್ಲ. 1930ರಲ್ಲಿ ಬಿಲ್ಲಿ ಆರ್ನಾಲ್ಡ್ ಮೊದಲ ಎರಡು ಸುತ್ತು ಬಿಟ್ಟರೆ ಉಳಿದ 198ರಲ್ಲೂ ಮುಂದಿದ್ದು ಗೆದ್ದಾಗ ಪಕ್ಕದಲ್ಲಿದ್ದವನು ಅವನು. 1931ರಲ್ಲಿ ಐದು ಸುತ್ತುಗಳ ಮುನ್ನಡೆಯಲ್ಲಿದ್ದ ಅದೇ ಜೋಡಿಯ ಕಾರಿನ ಹಿಂದಿನ ಆಕ್ಸಲ್ ಮುರಿಯಿತು. ಕಿತ್ತು ಹಾರಿದ ಒಂದು ಚಕ್ರ ಟ್ರ್ಯಾಕಿನ ಗಡಿ ದಾಟಿ, ಹೊರಗಿನ ರಸ್ತೆಯನ್ನೂ ದಾಟಿ, ಮನೆಯೊಂದರ ಅಂಗಳದಲ್ಲಿ ಆಡುತ್ತಿದ್ದ ಬಾಲಕನನ್ನು ಕೊಂದಿತು. ಆರ್ನಾಲ್ಡ್‌ನೂ ಮ್ಯಾಟ್‌ಲಾಕ್‌ನೂ ಗಾಯಗೊಂಡರು. 1932ರಲ್ಲಿ ಮತ್ತೆ ಇಬ್ಬರೂ ಮುಂದಿದ್ದಾಗಲೇ ಗೋಡೆಗೆ ಬಡಿದು ಮೂಳೆ ಮುರಿದುಕೊಂಡರು. ಆರ್ನಾಲ್ಡ್ ಅಲ್ಲಿಗೆ ಸಾಕೆಂದು ರೇಸು ಬಿಟ್ಟ. ಮ್ಯಾಟ್‌ಲಾಕ್ ಬಿಡಲಿಲ್ಲ. 1936ರ ಜನವರಿ 26ರಂದು ಲಾಸ್ ಏಂಜಲೀಸಿನ ಲೀಜನ್ ಆಸ್ಕಟ್ ಟ್ರ್ಯಾಕಿನಲ್ಲಿ ಆಲ್ ಗಾರ್ಡನ್ ಓಡಿಸುತ್ತಿದ್ದ ಕಾರು ಅಂಚಿನಾಚೆ ಹೋಗಿ ಇಬ್ಬರೂ ಸತ್ತರು. ಬಹಳ ಜನರನ್ನು ಬಲಿ ತೆಗೆದುಕೊಂಡಿದ್ದ ಆ ಟ್ರ್ಯಾಕಿನಲ್ಲಿ ಅದರ ನಂತರ ರೇಸು ನಡೆಯಲಿಲ್ಲ.

ಅದೇ 1936ರಲ್ಲಿ ಇಂಡಿಯಾನಾಪೊಲಿಸ್ ಗೆದ್ದವರಿಗೆಂದು ಬೋರ್ಗ್ ವಾರ್ನರ್ ಟ್ರೋಫಿ ಬಂತು. 1911ರಿಂದ ಗೆದ್ದ ಪ್ರತಿಯೊಬ್ಬ ಚಾಲಕನ ಮುಖವನ್ನೂ ಅದರ ಬೆಳ್ಳಿಯ ಮೈಮೇಲೆ ಉಬ್ಬುಚಿತ್ರವಾಗಿ ಕೂರಿಸಿದ್ದಾರೆ. 1924ರಲ್ಲಿ ಎಲ್. ಎಲ್. ಕೋರಮ್ ನಡುವೆ ಇಳಿದು ಜೋ ಬೋಯರ್‌ಗೆ ಕಾರು ಕೊಟ್ಟಿದ್ದರಿಂದ ಆ ವರ್ಷಕ್ಕೆ ಇಬ್ಬರ ಮುಖಗಳೂ ಇವೆ. ಹಂಚಿಕೊಂಡ ಗೆಲುವನ್ನು ಗುರುತಿಸಲು ಅವರಿಗೆ ಬರುತ್ತಿತ್ತು ಎಂದಾಯಿತು. 1931ರಲ್ಲಿ ಲೂಯಿ ಷ್ನೈಡರ್ ಜೊತೆಗೂ 1937ರಲ್ಲಿ ವಿಲ್ಬರ್ ಶಾ ಜೊತೆಗೂ ಐನೂರು ಮೈಲಿ ಪೂರ್ತಿ ಕುಳಿತು ಎರಡು ಸಲ ಗೆದ್ದ ಮೆಕ್ಯಾನಿಕ್ ಜಿಗರ್ ಜಾನ್ಸನ್‌ನ ಮುಖ ಅದರಲ್ಲಿಲ್ಲ.

1937ರ ಆ ರೇಸಿನಲ್ಲಿ ಎಣ್ಣೆ ಖಾಲಿಯಾಗುತ್ತಿದ್ದ ಕಾರನ್ನು ನಿಧಾನಿಸುತ್ತಾ ಬಂದ ಶಾ, ರಾಲ್ಫ್ ಹೆಪ್‌ಬರ್ನ್‌ಗಿಂತ ಬರೀ 2.16 ಸೆಕೆಂಡು ಮುಂದಾಗಿ ಗೆರೆ ದಾಟಿದ್ದ. ಮೆಕ್ಯಾನಿಕ್ ಕಡ್ಡಾಯವಾಗಿದ್ದ ಕೊನೆಯ ರೇಸು ಅದು. ಯುರೋಪಿನ ನಿಯಮಗಳಿಗೆ ಹೊಂದಿಕೆಯಾಗುವಂತೆ 1938ರಲ್ಲಿ ಹೊಸ ನಿಯಮ ಬಂತು, ಮೆಕ್ಯಾನಿಕ್ ಬೇಕಿದ್ದರೆ ಉಂಟು ಇಲ್ಲದಿದ್ದರೆ ಇಲ್ಲ ಎಂದಾಯಿತು, ಬೇಕೆಂದವರು ಯಾರೂ ಇರಲಿಲ್ಲ. ಆ ವರ್ಷ ಒಬ್ಬನೇ ಕೂತು ಗೆದ್ದವನು ಫ್ಲಾಯ್ಡ್ ರಾಬರ್ಟ್ಸ್. 1939ರ ಮೇ 30ರಂದು ಅದೇ ಕಾರಿನಲ್ಲಿ, ಮುಂದೆ ಗಿರಕಿ ಹೊಡೆದ ಇನ್ನೊಂದು ಕಾರನ್ನು ತಪ್ಪಿಸಲಾಗದೆ, ಬೇಲಿಯನ್ನು ಮುರಿದುಕೊಂಡು ಹೊರಗೆ ಹೋಗಿ ಅವನು ಸತ್ತ.